ಮಳೆ ಬಂತು, ವರ್ಷನ್ ಹೊಂದಲಿಲ್ಲ

ಮಳೆಗೆ ಶಿಸ್ತಿಲ್ಲ. ಒಂದೂರಿನ ಮಾಪಕ ತುಂಬಿ ತುಳುಕಿದರೆ ಪಕ್ಕದೂರಿನದು ಬಾಯಾರಿ ಕೂತಿರುತ್ತದೆ. ಈ ಚೆಲ್ಲಾಪಿಲ್ಲಿ ಅಳತೆಗಳನ್ನು ಅಚ್ಚುಕಟ್ಟಾದ ಚೌಕಗಳಿಗೆ ಹಂಚುವುದೇ ಗ್ರಿಡ್ಡಿಂಗ್. ಲೆಕ್ಕ ಹಳೆಯದು: ಕ್ರೆಸ್‌ಮನ್ 1959ರಲ್ಲಿ, ಬಾರ್ನ್ಸ್ 1964ರಲ್ಲಿ, ಶೆಪರ್ಡ್ 1968ರಲ್ಲಿ ಸೂತ್ರ ಕೊಟ್ಟರು. ಶೆಪರ್ಡರದ್ದನ್ನು ಹಿಡಿದೇ ನಮ್ಮ ಹವಾಮಾನ ಇಲಾಖೆ 1901ರಿಂದೀಚಿನ ಮಳೆಯನ್ನು 0.25 ಡಿಗ್ರಿಯ ಚೌಕಗಳಲ್ಲಿ ಕೂರಿಸಿದೆ. ಸೂತ್ರಗಳು ಇಂದಿಗೂ ಕೆಟ್ಟಿಲ್ಲ. ಕೆಡುವುದೆಲ್ಲ ಆ ಲೆಕ್ಕ ಮಾಡುವ ಪೈಥಾನ್ ಲೈಬ್ರರಿಗಳು.

2022ರ ಡಿಸೆಂಬರಿನಲ್ಲಿ ನಂಪೈ ಎಂಬ ಲೈಬ್ರರಿಯ 1.24 ವರ್ಷನ್ ಬಂದು 'ಎನ್‌ಪಿ.ಫ್ಲೋಟ್' ಎಂಬ ಅಡ್ಡಹೆಸರನ್ನು ಕಿತ್ತುಹಾಕಿತು. ಪೈಥಾನಿನ ಮಾಮೂಲಿ ಫ್ಲೋಟ್‌ಗೇ ಇಟ್ಟಿದ್ದ ಇನ್ನೊಂದು ಹೆಸರು ಅದು, ಅಷ್ಟೇ. 1.20ರಿಂದಲೂ ಎಚ್ಚರಿಕೆ ಬರುತ್ತಿತ್ತು, ಎಚ್ಚರಿಕೆಯನ್ನು ಓದುವವರಾರು? ಹಳೆಯ ಪ್ರೋಗ್ರಾಂಗಳು ಅಲ್ಲೇ ಮುಗ್ಗರಿಸಿದವು. 2024ರ ಜೂನ್‌ನಲ್ಲಿ ಬಂದ 2.0 ಇನ್ನೂ ಜೋರು: ಹಿಂದಿನ ನಂಪೈಗೆ ಕಂಪೈಲ್ ಆದವರೆಲ್ಲ ಹೊಸದಾಗಿ ಕಂಪೈಲ್ ಆಗಿ ಬನ್ನಿ ಎಂದಿತು.

ಈ ಲೈಬ್ರರಿಗಳೂ ಕೂಡುಕುಟುಂಬದಂತೆ, ಒಬ್ಬರನ್ನು ಓಲೈಸಿದರೆ ಇನ್ನೊಬ್ಬರು ಮುನಿಯುತ್ತಾರೆ. ಮದ್ದೂ ಅದೇ: ಪ್ರತಿ ಕೆಲಸಕ್ಕೂ ಪ್ರತ್ಯೇಕ ಎನ್ವಿರಾನ್‌ಮೆಂಟ್, ಬೇರೆ ಒಲೆ.

ಕೂಗಾಡಿ ನಿಲ್ಲುವ ಪ್ರೋಗ್ರಾಂ ಎಷ್ಟೋ ವಾಸಿ. ಹೆದರಬೇಕಾದ್ದು ತೆಪ್ಪಗೆ ಓಡುವುದಕ್ಕೆ. ದತ್ತಾಂಶವಿಲ್ಲದ ಚೌಕದಲ್ಲಿ ಇಲಾಖೆ -999 ಎಂದು ಬರೆದಿರುತ್ತದೆ. ಅದನ್ನು ಗುರುತಿಸದ ಪ್ರೋಗ್ರಾಂ ಅದನ್ನೂ ಮಳೆಯೆಂದೇ ಕೂಡಿಸಿ, ಅರಬ್ಬೀ ಸಮುದ್ರದಲ್ಲಿ ಮಳೆ ಕೆಳಗಿನಿಂದ ಮೇಲಕ್ಕೆ ಸುರಿಯಿತೆಂದು ಗಂಭೀರವಾಗಿ ನಕ್ಷೆ ಬಿಡಿಸಿಕೊಡುತ್ತದೆ.

ಅಪ್‌ಡೇಟ್ ಒತ್ತುವ ಮುನ್ನ, ಈಗ ಓಡುತ್ತಿರುವ ವರ್ಷನ್‌ಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳಿ. ಮುಂಗಾರಿನ ನಡುವೆಯಂತೂ ಆ ಗುಂಡಿಯ ತಂಟೆಗೇ ಹೋಗಬೇಡಿ.