ಸಿಂಧನೂರು ದಂಪತಿಯ ಪ್ರವಾಸ

ಹೆಂಡತಿ: ಮದುವಿ ದಿನಕ್ಕ ಎಲ್ಲಿಗೆ? ಪ್ಯಾರಿಸ್ಸಾ?

ಗಂಡ: ಮಸ್ಕಿಗೆ! ದೇವಾನಾಂಪ್ರಿಯ ಅಂದ್ರ ಅಶೋಕನೇ ಅಂತ ಖಾತ್ರಿ ಮಾಡಿದ ಶಾಸನ 1915ರಾಗ ಅಲ್ಲೇ ಸಿಕ್ಕಿದ್ದು.

ಹೆಂಡತಿ: ಬಂಡೆಗಲ್ಲ ಮ್ಯಾಲ ಹೆಸರು ಕೊರಿಯೋ ಚಟ ಆವಾಗಿಂದಾನೂ ಐತೇನು? ಈಗಿನ ಹುಡುಗ್ರು ಪಕ್ಕಕ್ಕೊಂದು ಬಾಣ ಬಿಡ್ತಾರಷ್ಟ.

ಗಂಡ: ಆಮ್ಯಾಲ ಲಿಂಗಸುಗೂರು. ಹಟ್ಟಿ ಚಿನ್ನದ ಗಣಿ ಹೊರಗಿಂದ ನೋಡಮು.

ಹೆಂಡತಿ: ಹೊರಗಿಂದ ಯಾಕ?

ಗಂಡ: ಒಳಗ ಹೋದ್ರ ನಿನ್ನ ಆಸಿ ಜಾಸ್ತಿ ಆಗ್ತದ.

ಹೆಂಡತಿ: ಊಟ?

ಗಂಡ: ಮಂಡಾಳ ಒಗ್ಗರಣಿ, ಮಿರ್ಚಿ.

ಹೆಂಡತಿ: ವೈನು?

ಗಂಡ: ಅದು ಗೆಳೆಯರ ಡಿಪಾರ್ಟ್‌ಮೆಂಟು.

ಹೆಂಡತಿ: ಗೆಳೆಯರೂ ಬರ್ತಾರಾ? ಮದುವಿ ಆಗಿದ್ದು ನಾವಿಬ್ಬರಲ್ಲಾ?

ಗಂಡ: ಕಾರು ಅವರದು.

ಹೆಂಡತಿ: ಶಾಸನದಾಗ ಅಶೋಕ ಏನಂತಾನ?

ಗಂಡ: ಧರ್ಮದಿಂದ ನಡದ್ರ ಸಣ್ಣೋರೂ ಮ್ಯಾಲಕ್ಕ ಹೋಗಬಹುದಂತ.

ಹೆಂಡತಿ: ಹಂಗಾದ್ರ ನೀವೆಲ್ಲಾ ಗುಡ್ಡ ಏರ್ರಿ. ನಾನು ಬಂಗಾರದಂಗಡಿಗೆ ಹೋಗ್ತೀನಿ, ಒಳಗ.