ಸೈಲೆನ್ಸರ್ ರಾಯರು

ಮುಂಬಯಿಯ ಹೌಸಿಂಗ್ ಸೊಸೈಟಿ ಎಂದ ಮೇಲೆ ಅಲ್ಲೊಬ್ಬ ಸೆಕ್ರೆಟರಿ ಇರುವಂತೆ ಒಬ್ಬ ಸೈಲೆನ್ಸರ್ ರಾಯರೂ ಇರಲೇಬೇಕು. ಮುಲುಂಡೋ ಡೊಂಬಿವಲಿಯೋ ಗೋರೆಗಾಂವೋ, ಎಲ್ಲಿ ಬೇಕಾದರೂ ಸಿಗುತ್ತಾರೆ. ಮೂಲ ಊರು ಕುಂದಾಪುರದ ಕಡೆ, ವಯಸ್ಸು ನಲವತ್ತೈದರ ಆಸುಪಾಸು, ಬಿ.ಪಿ. ಮಾತ್ರೆ ಆಗಲೇ ಶುರುವಾಗಿದೆ. ಮನೆಯೊಳಗೆ ಏರಿಸಲಾಗದ ದನಿಯನ್ನು ಕಾರಿನ ಹಿಂಬದಿಯಿಂದ ಏರಿಸುತ್ತಾರೆ. ಬೆಳಿಗ್ಗೆ ಅವರು ಗಾಡಿ ಸ್ಟಾರ್ಟ್ ಮಾಡಿದರೆ ಮೂರನೇ ಮಹಡಿಯ ಅಜ್ಜಿ ಗುಡುಗು ಬಂತೆಂದು ಒಣಹಾಕಿದ ಹಪ್ಪಳ ಎತ್ತಿಡುತ್ತಾರೆ.

ಕುರ್ಲಾದ ಸಿ.ಎಸ್.ಟಿ. ರಸ್ತೆಗೆ ರಾಯರು ಹೋಗಿದ್ದು ಕಾಲ ಕೆಳಗೆ ಹಾಸುವ ಮ್ಯಾಟ್ ತರಲು. ತಂದದ್ದು ಫ್ರೀ ಫ್ಲೋ ಎಕ್ಸಾಸ್ಟ್. ಹೊಗೆಯ ವಿಷ ಇಳಿಸಲೆಂದು ಕಂಪನಿಯವರು ಕೂರಿಸಿದ್ದ ಕ್ಯಾಟಲಿಟಿಕ್ ಕನ್ವರ್ಟರ್ ಎಂಜಿನ್ನಿನ ಕತ್ತು ಹಿಸುಕುತ್ತಿದೆ, ತೆಗೆಸಿದರೆ ಗಾಡಿ ಹಾರುತ್ತದೆ ಎಂದು ಅಂಗಡಿಯವನು ಹೇಳಿದ, ಇವರು ಹೂಂ ಎಂದರು. ಬಿಚ್ಚಿದ ಕನ್ವರ್ಟರನ್ನು "ಛೋಡೋ ಸಾಹೇಬ್, ಕಚರಾ ಹೈ" ಎಂದು ಅಂಗಡಿಯವನೇ ಇಟ್ಟುಕೊಂಡ. ಆ ಕಚರಾದ ಹೊಟ್ಟೆಯಲ್ಲಿ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಇರುತ್ತವೆ. ಅಂಥ ಕಸ ಯಾರಿಗೆ ಬೇಡ?

ಇಷ್ಟಾಗಿ ಹೆಚ್ಚಿಗೆ ಬಂದ ಶಕ್ತಿ, ಬಂದಿದ್ದರೆ, ಎಂಜಿನ್ ಐದು ಸಾವಿರ ಸುತ್ತು ದಾಟಿದ ಮೇಲೆ ತಿಳಿಯುವಂಥದ್ದು. ರಾಯರು ದಿನಾ ಓಡಾಡುವುದು ಎಲ್.ಬಿ.ಎಸ್. ಮಾರ್ಗದಲ್ಲಿ. ಭಾಂಡುಪ್ ಮುಟ್ಟುವವರೆಗೂ ಅಲ್ಲಿ ಎರಡನೇ ಗೇರಿಗೇ ಕೆಲಸವಿಲ್ಲ. ಪಕ್ಕದಲ್ಲಿ ಕೈಗಾಡಿಯವನು ದಾಟಿ ಹೋಗುತ್ತಾನೆ, ಇವರು ಅಲ್ಲೇ ನಿಂತು ಗುಡುಗುತ್ತಾರೆ. ಟ್ರಾಫಿಕ್ ಹವಾಲ್ದಾರರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2) ಕಲಮು ಉಂಟು. 2019ರ ತಿದ್ದುಪಡಿಯ ಮೇಲೆ ಅದರ ದಂಡ ಹತ್ತು ಸಾವಿರ ರೂಪಾಯಿವರೆಗೆ ಏರಿದೆ.

ವಾರ ತುಂಬುವ ಮೊದಲೇ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ರಾಯರು ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಸ್ಕ್ಯಾನರ್ ತಂದು ಸ್ಟಿಯರಿಂಗಿನ ಕೆಳಗೆ ಚುಚ್ಚಿದರು. ಮೊಬೈಲಿನಲ್ಲಿ ಬಂದದ್ದು ಪಿ0420. ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಅದರ ಅರ್ಥ. ಕೆಲಸ ಮಾಡುವುದು ಹೇಗೆ? ಅದು ಕುರ್ಲಾದಲ್ಲಿದೆ!

ರಾಯರ ತೀರ್ಪು ಬೇರೆ: "ಆಕ್ಸಿಜನ್ ಸೆನ್ಸರ್ ಹೋಗಿದೆ ಮಾರಾಯ್ರೆ."

ಸೆನ್ಸರುಗಳು ಎರಡು, ಕನ್ವರ್ಟರಿಗಿಂತ ಮುಂಚೆ ಒಂದು, ಆಮೇಲೆ ಒಂದು. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಮುಂದಿನದರ ವೋಲ್ಟೇಜು 0.1ರಿಂದ 0.9ರವರೆಗೆ ಸದಾ ಏರಿಳಿಯುತ್ತಿರುತ್ತದೆ. ಪೆಟ್ರೋಲು ಹೆಚ್ಚಿಸಬೇಕೋ ಇಳಿಸಬೇಕೋ ಎಂದು ಎಂಜಿನ್ನಿನ ಕಂಪ್ಯೂಟರು ತೀರ್ಮಾನಿಸುವುದು ಅದನ್ನು ನೋಡಿಯೇ. ನಡುವೆ ಕನ್ವರ್ಟರ್ ಇದ್ದು ದುಡಿಯುತ್ತಿದ್ದರೆ ಹಿಂದಿನದರ ಗೆರೆ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಇಲ್ಲದಿದ್ದರೆ ಎರಡೂ ಒಟ್ಟಿಗೆ ಕುಣಿಯುತ್ತವೆ. ರಾಯರು ಪಾರ್ಕಿಂಗಿನಲ್ಲಿ ನನ್ನನ್ನು ತಡೆದು ಆ ಕುಣಿತ ತೋರಿಸಿದರು. "ನೋಡಿ, ಹಿಂದಿನದಕ್ಕೆ ಪೂರಾ ತಲೆ ಕೆಟ್ಟಿದೆ." ಹಿಂದಿನದು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿತ್ತು, ಅಷ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

ಒಪೇರಾ ಹೌಸಿನ ಬಿಡಿಭಾಗದ ಅಂಗಡಿಗಳನ್ನು ಸುತ್ತಿ ಹಿಂದಿನ ಸೆನ್ಸರ್ ಬದಲಿಸಿದರು. ದೀಪ ಆರಿತು, ಥಾಣೆಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಹತ್ತಿತು. "ಡುಪ್ಲಿಕೇಟ್ ಮಾಲು" ಎಂದು ಬೈದು ಮುಂದಿನದನ್ನೂ ಬದಲಿಸಿದರು. ದೀಪ ಜಗ್ಗಲಿಲ್ಲ. ಆಫೀಸಿನ ಗೆಳೆಯರೊಬ್ಬರು ಸೆನ್ಸರಿನ ಬುಡಕ್ಕೆ ಸ್ಪೇಸರ್ ಹಾಕಿ ಅದನ್ನು ಹೊಗೆಯಿಂದ ಆಚೆ ಎಳೆಯಲು ಹೇಳಿಕೊಟ್ಟರು. ಸಾಕ್ಷಿಯನ್ನು ಕೋರ್ಟಿನ ಹೊರಗೆ ನಿಲ್ಲಿಸುವ ಈ ಉಪಾಯ ರಾಯರಿಗೆ ಬಹಳ ಹಿಡಿಸಿತು. ಪಿ.ಯು.ಸಿ. ಎಂಬ ಹೊಗೆ ತಪಾಸಣೆ ಮಾಡುವ ಹುಡುಗ ಮಾತ್ರ ನಳಿಗೆಯನ್ನು ಸೀದಾ ಸೈಲೆನ್ಸರಿನ ಬಾಯಿಗೇ ತೂರಿಸುತ್ತಾನೆ, ಅಲ್ಲಿ ಯಾವ ಸ್ಪೇಸರೂ ನಡೆಯದು.

ಅಷ್ಟರಲ್ಲಿ ಹೊಸ ಪೈಪು ಎಂಜಿನ್ನಿಗೆ ಸೇರುವ ಕಡೆ ಸಣ್ಣಗೆ ಟಿಕ್‌ಟಿಕ್ ಶುರುವಾಯಿತು. ರಾಯರು ಬಾತ್‌ರೂಮಿನ ಟೈಲ್ಸ್ ಸಂದಿಗೆ ತಂದಿದ್ದ ಸಿಲಿಕೋನನ್ನು ಅಲ್ಲಿಗೆ ಧಾರಾಳವಾಗಿ ಮೆತ್ತಿದರು. ಆಮೇಲೆ ಬಂತು ಪಿ0133, ಮುಂದಿನ ಸೆನ್ಸರು ನಿಧಾನವಾಗಿದೆ ಎಂದು.

ಕೊನೆಗೆ ಕಾರು ಭಾಂಡುಪಿನ ಒಬ್ಬ ಮುದುಕ ಮೇಸ್ತ್ರಿಯ ಕೈ ಸೇರಿತು. ಅವರು ಸ್ಕ್ಯಾನರಿನತ್ತ ತಲೆ ಎತ್ತಲಿಲ್ಲ. ತಣ್ಣಗಿದ್ದ ಎಂಜಿನ್ನಿನ ಸೈಲೆನ್ಸರಿನ ಬಾಯಿಗೆ ಬ್ಲೋವರ್ ಇಟ್ಟು, ಬಟ್ಟೆ ತುರುಕಿ, ಪೈಪಿನ ಕೀಲುಗಳಿಗೆ ಬ್ರಶ್ಶಿನಿಂದ ಸೋಪಿನ ನೀರು ಸವರುತ್ತ ಬಂದರು. ಸಿಲಿಕೋನ್ ಮೆತ್ತಿದ ಜಾಗದಲ್ಲಿ, ಕರಟಿದ ಅಂಟಿನ ಸಂದಿಯಿಂದ, ಗುಳ್ಳೆ ಮೇಲೆ ಗುಳ್ಳೆ. ಅಂಥ ಸೀಳಿನಿಂದ ಹೊರಗಿನ ಗಾಳಿ ಒಳಗೆ ನುಗ್ಗಿದರೆ ಸೆನ್ಸರಿಗೆ ಪೆಟ್ರೋಲು ಕಡಿಮೆಯಾದಂತೆ ಕಾಣುತ್ತದೆ, ಕಂಪ್ಯೂಟರು ಇನ್ನಷ್ಟು ಸುರಿಯುತ್ತದೆ. ರಾಯರ ಪೆಟ್ರೋಲು ಬಿಲ್ಲಿನ ಗುಟ್ಟೂ ಅದೇ.

ಮೇಸ್ತ್ರಿ ಇಪ್ಪತ್ತೆರಡರ ಪಾನಾ ಹಾಕಿ ಮುಂದಿನ ಸೆನ್ಸರ್ ಬಿಚ್ಚಿದರು. ಅದರ ತುದಿ ಸುಣ್ಣ ಬಳಿದಷ್ಟು ಬೆಳ್ಳಗಿತ್ತು. ಸಿಲಿಕೋನಿನ ಆವಿ ಕೂತರೆ ಹಾಗೇ ಆಗುವುದು, ಒರೆಸಿದರೆ ಹೋಗುವುದಿಲ್ಲ. ಕೀಲಿಗೆ ಸರಿಯಾದ ಗ್ಯಾಸ್ಕೆಟ್ ಹಾಕಬೇಕು, ಕನ್ವರ್ಟರ್ ವಾಪಸ್ ಕೂರಿಸಬೇಕು ಎಂದು ವಿವರಿಸಿ, ಕೊನೆಗೆ "ಔರ್ ಯೇ ಸೆನ್ಸರ್ ಭೀ ಖರಾಬ್ ಹೈ" ಅಂದರು.

ರಾಯರ ಕಿವಿಗೆ ಬಿದ್ದದ್ದು ಆ ಕೊನೆಯ ಮಾತೊಂದೇ. ಆ ಸೆನ್ಸರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಸಂಜೆ ಬಿಲ್ಡಿಂಗಿನ ಒಂದೊಂದು ಬಾಗಿಲನ್ನೂ ತಟ್ಟಿದರು. ನಮ್ಮ ಮನೆಗೆ ಬಂದಾಗ ಊಟದ ಹೊತ್ತು.

"ಮೊದಲ ದಿನವೇ ಏನು ಹೇಳಿದ್ದೆ ಮಾರಾಯ್ರೆ? ಸೆನ್ಸರ್! ನನ್ನ ಮಾತು ಯಾರು ಕೇಳ್ತಾರೆ?"

ಹೆಂಡತಿ ಅವರಿಗೂ ಒಂದು ತಟ್ಟೆ ಹಾಕಿದಳು. ಸಾರಿಗೆ ಉಪ್ಪು ಸ್ವಲ್ಪ ಕಡಿಮೆ ಎಂದು ನಾನು ಅಂದದ್ದಕ್ಕೆ, ರಾಯರು ಅನ್ನ ಕಲಸುತ್ತಲೇ, "ಸಾರು ಸರಿಯಾಗೇ ಉಂಟು. ನಿಮ್ಮ ನಾಲಿಗೆ ಒಮ್ಮೆ ಚೆಕ್ ಮಾಡಿಸಿ" ಎಂದರು.