ಹಿತ್ತಲ ಬಡಗಿಶಾಲೆ: ಒಂದು ಮೀಮಾಂಸೆ

ಹಿತ್ತಲ ಬಡಗಿಶಾಲೆ ಎಂದರೆ ಮನೆಯ ಹಿಂದೆ, ನುಗ್ಗೆಮರಕ್ಕೂ ಬಟ್ಟೆ ಒಣಹಾಕುವ ತಂತಿಗೂ ನಡುವೆ, ಮರಗೆಲಸದ ಉದ್ದೇಶದಿಂದ ಕಟ್ಟಿದ ಕೋಣೆ. ಸೌದೆ ಕೊಟ್ಟಿಗೆ, ಕೋಳಿಗೂಡುಗಳಿಗೆ ಈ ಲಕ್ಷಣ ಅತಿವ್ಯಾಪ್ತವಾಗದಿರಲೆಂದು ‘ಉದ್ದೇಶದಿಂದ’ ಎಂಬ ಮಾತನ್ನು ಸೇರಿಸಲಾಗಿದೆ. ‘ಮರಗೆಲಸ ನಡೆಯುವ ಕೋಣೆ’ ಎಂದಿದ್ದರೆ ಅಸಂಭವ ದೋಷ ತಗಲುತ್ತಿತ್ತು.

ಶಾಸ್ತ್ರಗ್ರಂಥಗಳ ಪದ್ಧತಿಯಂತೆ ಇಲ್ಲಿಯೂ ಅನುಬಂಧಗಳು ನಾಲ್ಕು. ವಿಷಯ: ಬಡಗಿಶಾಲೆ. ಪ್ರಯೋಜನ: ಕಾಲು ಮುರಿದ ಒಂದು ಸ್ಟೂಲಿನ ದುರಸ್ತಿ. ಅಧಿಕಾರಿ: ಬೇರೆಯವರು ಮರ ಕೊಯ್ಯುವ ವಿಡಿಯೊಗಳನ್ನು ರಾತ್ರಿ ಹನ್ನೊಂದರವರೆಗೆ ನೋಡಿದ, ನಿವೃತ್ತಿಯ ಅಂಚಿನ ಗೃಹಸ್ಥ. ವಿಷಯಕ್ಕೂ ಪ್ರಯೋಜನಕ್ಕೂ ಇರುವ ಸಂಬಂಧವನ್ನು ಗ್ರಂಥದ ಕೊನೆಯಲ್ಲಿ ನಿರ್ಣಯಿಸಲಾಗುವುದು.

ಇದಕ್ಕೆ ಪೂರ್ವಪಕ್ಷ ಅಡುಗೆಮನೆಯ ಕಿಟಕಿಯಿಂದ ಬರುತ್ತದೆ: “ಒಂದು ಸ್ಟೂಲಿನ ಕಾಲಿಗೆ ಇಷ್ಟೆಲ್ಲ ಯಾಕ್ರೀ?” ಸಿದ್ಧಾಂತ: “ಒಂದ್ಸಲ ಕಟ್ಟಿಬಿಟ್ರೆ ಆಯ್ತು ಕಣೇ.” ಪೂರ್ವಪಕ್ಷವು ಕಿಟಕಿ ಮುಚ್ಚಿಕೊಳ್ಳುವುದನ್ನು ಸಮ್ಮತಿಯೆಂದು ಗ್ರಹಿಸುವುದು ರೂಢಿ.

ಪಾಯ ಹಾಕುವ ಮೊದಲು ಮೂಲೆ ನೋಡಬೇಕು. ಮೂಲೆಯ ಗೂಟದಿಂದ ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಅಳೆದು ಗುರುತು ಮಾಡಿದರೆ, ಗುರುತಿನಿಂದ ಗುರುತಿಗೆ 5 ಅಡಿ ಬರಬೇಕು. 5 ಅಡಿ 2 ಅಂಗುಲ ಬಂದರೆ ಟೇಪನ್ನು ಶಂಕಿಸುವವರು ಒಂದು ಪಂಥ, ಪೈಥಾಗೊರಸನನ್ನು ಶಂಕಿಸುವವರು ಇನ್ನೊಂದು. ನೇರ ಬಿಸಿಲು ಹೆಚ್ಚು ಬೀಳದ ಸಮಬೆಳಕಿಗಾಗಿ ಕಿಟಕಿ ಉತ್ತರಕ್ಕಿರುವುದು ಮೇಲು. ಉತ್ತರಕ್ಕೆ ಸಾಮಾನ್ಯವಾಗಿ ಪಕ್ಕದ ಮನೆಯವರ ಗೋಡೆಯಿರುತ್ತದೆ. ಮಾಡಿನ ಪ್ರಶ್ನೆಯು 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗಲೇ ಇತ್ಯರ್ಥವಾಗಿದೆ. ಅಗ್ಗವೆಂದು ತಗಡು ಹೊದಿಸಿದವರಿಗೆ ಆಷಾಢದಲ್ಲಿ ಪೂರ್ವಪಕ್ಷ ಕೇಳಿಸುವುದಿಲ್ಲ. ಇದನ್ನು ಕೆಲವರು ಗುಣವೆಂದೇ ಎಣಿಸುತ್ತಾರೆ.

ಉಪಕರಣಗಳು: ಗರಗಸ, ಉಳಿ, ಬಾಚಿ, ಬೈರಿಗೆ, ಉಜ್ಜುಗೊರಡು, ಕೊಡತಿ, ಮೂಲೆಮಟ್ಟ, ಸಾಣೆಕಲ್ಲು. ಇವುಗಳಲ್ಲಿ ಉಳಿಯೇ ಪ್ರಧಾನ, ಏಕೆಂದರೆ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಲು ಬೇರಾವುದೂ ಒದಗದು. ಬಡಗಿಗಳ ಲೆಕ್ಕದಲ್ಲಿ ಅಂಗುಲದ ಎಂಟನೆಯ ಒಂದು ಪಾಲು, ಅಂದರೆ ಸುಮಾರು 3 ಮಿಲಿಮೀಟರ್, ಒಂದು ‘ನೂಲು’. ಕಸುಬಿನವರು ಅರ್ಧ ನೂಲು ತಪ್ಪಿದರೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಅಧಿಕಾರಿಯು ನಾಲ್ಕು ನೂಲು ತಪ್ಪಿದರೆ ಮೇಣ ತುಂಬುತ್ತಾನೆ.

ಮರ ಹಸಿಯಾಗಿರಬಾರದು. ಒಣಗುವಾಗ ಅದು ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಬಹುಮಟ್ಟಿಗೆ ಕುಗ್ಗದು. ಅಗಲದ ಹಲಗೆ ಬಿರಿಯುವುದು ಇದರಿಂದಲೇ. ದಪ್ಪದ ಅಂಗುಲಕ್ಕೊಂದು ವರ್ಷ ನೆರಳಿನಲ್ಲಿ ಒಣಗಲಿ ಎಂಬುದು ಹಳೆಯ ಲೆಕ್ಕ. ಈ ನಿಯಮ ಅಧಿಕಾರಿಗೆ ಬಹಳ ಪ್ರಿಯ. ಒಂದೂವರೆ ಅಂಗುಲದ ಸ್ಟೂಲಿನ ಕಾಲಿಗೆ ಅದು ಒಂದೂವರೆ ವರ್ಷದ ವಾಯಿದೆ ಕೊಡುತ್ತದೆ.

ಆ ಅವಧಿಯಲ್ಲಿ ಅನ್ಯೋನ್ಯಾಶ್ರಯ ದೋಷ ತಲೆದೋರುತ್ತದೆ. ಮರ ಕೀಸಲು ಗಟ್ಟಿ ಮೇಜು ಬೇಕು. ಮೇಜು ಮಾಡಲು ಮರ ಕೀಸಬೇಕು. ದೋಷಪರಿಹಾರವಾಗಿ ಊಟದ ಮೇಜು ಹಿತ್ತಲಿಗೆ ಹೋಗುತ್ತದೆ. ಬಳಿಕ ಉಳಿಗಳಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಹಲಗೆ, ಹಲಗೆಗೊಂದು ಆನಿಕೆ ತಯಾರಾಗುತ್ತವೆ. ಹೀಗೆ ಬಡಗಿಶಾಲೆಯ ಉತ್ಪನ್ನ ಬಡಗಿಶಾಲೆಯೇ ಎಂಬುದು ಸಿದ್ಧಿಸುತ್ತದೆ.

ಮಳೆಗಾಲದಲ್ಲಿ ಶಾಲೆಯ ಬಾಗಿಲು ಉಬ್ಬಿ ಕಚ್ಚಿಕೊಂಡಾಗ ಊರಿನ ಆಚಾರಿಯನ್ನು ಕರೆಸುವುದು ವಿಹಿತ. ಆತ ಬಾಗಿಲಿನ ಅಂಚನ್ನು ಎರಡು ನೂಲು ಕೀಸುತ್ತಾನೆ. ಸುರುಳಿಸುರುಳಿಯಾದ ಹೊಟ್ಟು ಜಗಲಿಯ ಮೇಲೆ ಬೀಳುತ್ತದೆ. ಸ್ಟೂಲು ಕಣ್ಣಿಗೆ ಬಿದ್ದರೆ ಅಲ್ಲೇ ಕುಕ್ಕರಿಸಿ, ಸೌದೆಯಿಂದ ಒಂದು ಹಲಸಿನ ತುಂಡು ಆರಿಸಿ, ಪಾದದಲ್ಲಿ ಒತ್ತಿಹಿಡಿದು, ಬಾಚಿಯಿಂದ ಸವರಿ, ಕುಣಿಗೆ ಕೂರಿಸಿ ಕೊಡತಿಯಿಂದ ಎರಡೇಟು ಹಾಕುತ್ತಾನೆ. ಕೊಟ್ಟ ಕಾಫಿ ಆರಿರುವುದಿಲ್ಲ.

ಸಂಬಂಧನಿರ್ಣಯ: ದುರಸ್ತಿಯಾದ ಸ್ಟೂಲನ್ನು, ಅಧಿಕಾರಿಗೆ ವಿಡಿಯೊ ನೋಡುವಾಗ ಕೂರಲು ಬೇಕೆಂದು, ಬಡಗಿಶಾಲೆಯಲ್ಲಿ ಇಡಲಾಗುತ್ತದೆ. ಆದ್ದರಿಂದ ವಿಷಯಕ್ಕೂ ಪ್ರಯೋಜನಕ್ಕೂ ಇರುವುದು ಕಾರ್ಯಕಾರಣ ಸಂಬಂಧವಲ್ಲ, ಆಧಾರಾಧೇಯ ಸಂಬಂಧ.